ಎಡಗಡೆಯ ಗೋಡೆ

ನಾನೂ ಅಕ್ಕನೂ ಟೊಲೇಡೊಗೆ ಹೊರಟಿದ್ದೇವೆ ಎಂದಾಗ ಗೊತ್ತಿದ್ದವರೆಲ್ಲ ಮೊದಲು ನಕ್ಕರು. ಮಿಷಿಗನ್‌ನವರಿಗೆ ಟೊಲೇಡೊ ಎಂದರೆ ಒಹಾಯೋ ಗಡಿ ದಾಟುತ್ತಲೇ ಸಿಗುವ ಊರು. ಫಾರ್ಮಿಂಗ್ಟನ್ ಹಿಲ್ಸ್‌ನ ಅಕ್ಕನ ಮನೆಯಿಂದ ಒಂದು ಗಂಟೆಯ ದಾರಿ. ರಜೆ ಹಾಕಿ ನೋಡಲು ಹೋಗುವ ಜಾಗ ಎಂದು ಯಾರೂ ಎಣಿಸುವುದಿಲ್ಲ. "ಅಲ್ಲಿಗೆ ಹೋಗೋಕೆ ಪಾಸ್‌ಪೋರ್ಟ್ ಯಾಕಮ್ಮಾ?" ಎಂದು ದೇವಸ್ಥಾನದಲ್ಲಿ ಸಿಕ್ಕ ಆಂಟಿಯೊಬ್ಬರು ಕೇಳಿದರಂತೆ. ಅಕ್ಕ ಪ್ರತಿ ಸಲವೂ ಬೇಸರಿಸದೆ ಹೇಳುತ್ತಿದ್ದಳು: ಇದು ಆ ಟೊಲೇಡೊ ಅಲ್ಲ, ಅದಕ್ಕೆ ಹೆಸರು ಕೊಟ್ಟ ಹಳೆಯ ಟೊಲೇಡೊ. ಸ್ಪೇನ್‌ನಲ್ಲಿದೆ. ಗುಡ್ಡದ ಮೇಲಿನ ಊರು, ಮೂರು ಕಡೆ ನದಿ, ನಾಲ್ಕನೆಯ ಕಡೆ ಕೋಟೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮಕ್ಕಳ ಡಾಕ್ಟರು. ಮೈಸೂರಿನಲ್ಲಿ ಓದಿ, ಮದುವೆಯಾಗಿ ಡೆಟ್ರಾಯ್ಟ್ ಕಡೆಗೆ ಬಂದು, ಇಪ್ಪತ್ತೆಂಟು ವರ್ಷದಿಂದ ಅದೇ ಕ್ಲಿನಿಕ್‌ನಲ್ಲಿ ಇದ್ದಾಳೆ. ಅವಳು ಚುಚ್ಚುಮದ್ದು ಕೊಟ್ಟ ಮಕ್ಕಳು ಈಗ ತಮ್ಮ ಮಕ್ಕಳನ್ನು ಅವಳ ಹತ್ತಿರವೇ ಕರೆದುಕೊಂಡು ಬರುತ್ತಾರೆ. ನಾನು ಇರುವುದು ಶಿಕಾಗೋ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿ. ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಕಾರ್ಖಾನೆಯಲ್ಲಿ, ತಯಾರಾದ ಲೋಹದ ಬಿಡಿಭಾಗಗಳನ್ನು ಅಳೆದು ಪಾಸೋ ಫೇಲೋ ಎಂದು ಹೇಳುವ ಕೆಲಸ. ಮದುವೆಯಾಗಿ ಈ ದೇಶಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ನನಗೆ ಕಾರು ಕಲಿಸಿದವಳು ಅಕ್ಕನೇ. ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಮುಚ್ಚಿಹೋದ ಅಂಗಡಿಯೊಂದರ ಪಾರ್ಕಿಂಗ್ ಲಾಟ್‌ನಲ್ಲಿ ನನ್ನನ್ನು ಸುತ್ತಿಸಿದಳು. ಆಮೇಲೆ ಅವಳು ಜೊತೆಗಿದ್ದಾಗ ನಾನು ಒಮ್ಮೆಯೂ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಅವಳು ಕೊಡುತ್ತಲೂ ಇರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ.

ಆ ವರ್ಷ ಜನವರಿಯಲ್ಲಿ ಒಂದು ದಿನ ಫೋನ್ ಮಾಡಿದಳು. "ಮೇ ತಿಂಗಳಲ್ಲಿ ಟೊಲೇಡೊಗೆ ಹೋಗೋಣ. ನಾವಿಬ್ಬರೇ. ಗಂಡಂದಿರು ಬೇಡ."

"ಮುಂದಿನ ವರ್ಷ ಹೋಗೋಣ ಅಕ್ಕ. ಈ ವರ್ಷ ಮಗಳಿಗೆ ಗ್ರ್ಯಾಜುಯೇಷನ್ನು."

"ಮುಂದಿನ ವರ್ಷ ಬೇಡ. ಈ ವರ್ಷವೇ."

ಅವಳ ದನಿಯಲ್ಲಿ ವಾದಕ್ಕೆ ಜಾಗವಿರಲಿಲ್ಲ. ಅರವತ್ತು ಹತ್ತಿರ ಬಂತಲ್ಲ, ಅದಕ್ಕೇ ಇಂಥ ಹಟ ಇರಬಹುದು ಎಂದುಕೊಂಡು ಒಪ್ಪಿದೆ. ಮಗಳ ಸಮಾರಂಭ ಮುಗಿದ ಮೂರನೆಯ ದಿನ ಶಿಕಾಗೋದ ಒ'ಹೇರ್ ವಿಮಾನ ನಿಲ್ದಾಣದಿಂದ ಸಂಜೆ ಹೊರಟು ಮರುದಿನ ಬೆಳಿಗ್ಗೆ ಮ್ಯಾಡ್ರಿಡ್‌ನಲ್ಲಿ ಇಳಿದೆವು.

ಅಲ್ಲಿಂದ ಟೊಲೇಡೊಗೆ ರೈಲಿನಲ್ಲಿ ಅರ್ಧ ಗಂಟೆ. ನಾನು ಅದನ್ನು ಮೊದಲೇ ಹೇಳಿದ್ದೆ. ಅಕ್ಕ ಕಿವಿಗೆ ಹಾಕಿಕೊಂಡಿರಲಿಲ್ಲ. ಬಾಡಿಗೆ ಕಾರನ್ನು ತನ್ನ ಹೆಸರಿನಲ್ಲಿ ಗೊತ್ತುಮಾಡಿ, ಅಲ್ಲಿ ಓಡಿಸಲು ಬೇಕಾದ ಇಂಟರ್‌ನ್ಯಾಷನಲ್ ಪರ್ಮಿಟ್ಟನ್ನೂ ತಾನೊಬ್ಬಳೇ ಮಾಡಿಸಿಕೊಂಡು ಬಂದಿದ್ದಳು. ನಾವು ಕೇಳಿದ್ದ ಸಣ್ಣ ಕಾರು ಇರಲಿಲ್ಲವೆಂದು ಕೌಂಟರಿನವನು ದೊಡ್ಡದೊಂದು ಕಾರಿನ ಕೀಲಿ ಕೊಟ್ಟ. ಅಕ್ಕನಿಗೆ ಖುಷಿಯಾಯಿತು. "ನೋಡು, ಅಪ್‌ಗ್ರೇಡು. ನಮ್ಮ ಮನೆ ಕಾರಿನ ಥರಾನೇ ಇದೆ" ಎಂದು ಸೀಟು ಸರಿಮಾಡಿಕೊಂಡಳು.

ವಿಮಾನ ನಿಲ್ದಾಣದಿಂದ ಹೊರಬಿದ್ದು ಮೊದಲ ವೃತ್ತಕ್ಕೆ ಬಂದೆವು. ಅಲ್ಲಿ ವೃತ್ತದೊಳಗಿನ ವಾಹನಗಳು ನಮ್ಮ ಎಡಗಡೆಯಿಂದ ಬರುತ್ತವೆ. ಅಕ್ಕ ಒಂದು ಕ್ಷಣ ನಿಂತಳು, ನೋಡಿದಳು, ಹೊರಟೇಬಿಟ್ಟಳು. ಎಡದಿಂದ ಬರುತ್ತಿದ್ದ ಬಸ್ಸು ಹಾರ್ನ್ ಬಾರಿಸುತ್ತ ಕಿರುಚಿಕೊಂಡು ನಿಂತಿತು. ಅದರ ಮುಖ ಅಕ್ಕನ ಕಿಟಕಿಯ ತುಂಬ ತುಂಬಿಕೊಂಡಿತ್ತು.

"ಅಕ್ಕಾ! ಬಸ್ಸು!"

"ನೋಡಿದೆ."

"ನೋಡಿದ್ಮೇಲೆ ಯಾಕೆ ಹೋದೆ?"

"ಅವನು ಜೋರಾಗಿ ಬಂದ. ನೀನು ಕಿರುಚಬೇಡ. ನೀನು ಕಿರುಚಿದ್ರೇ ಆಕ್ಸಿಡೆಂಟ್ ಆಗೋದು."

ಹೆದ್ದಾರಿ ಸೇರಿದ ಮೇಲೆ ಅವಳು ಬಲಗಡೆಯ ಲೇನ್ ಬಿಟ್ಟು ಕದಲಲಿಲ್ಲ. ನನ್ನ ಅಕ್ಕ ಅಂಥವಳಲ್ಲ. ಊರಲ್ಲಿ ಫ್ರೀವೇ ಹತ್ತಿದರೆ ಜೋರಾಗಿ ಹೋಗುವವರ ಎಡಗಡೆಯ ಲೇನೇ ಅವಳ ಸ್ವಂತದ್ದು. ಅವತ್ತು ಲಾರಿಗಳ ಹಿಂದೆ ಸಾಲಾಗಿ ಹೋಗುತ್ತಿದ್ದಳು. ಆಗಾಗ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಗಲ್ಲ ಭುಜಕ್ಕೆ ತಾಗುವಂತೆ ನೋಡಿ, ಮತ್ತೆ ಮುಂದಕ್ಕೆ ತಿರುಗುತ್ತಿದ್ದಳು. ನಿದ್ದೆಯಿಲ್ಲದ ರಾತ್ರಿ, ಹೊಸ ದೇಶ, ಹೊಸ ಕಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೂ ನನ್ನ ಕೈ ಬಾಗಿಲ ಹಿಡಿಕೆಯನ್ನು ಬಿಡಲಿಲ್ಲ. ನಡುವೆ ಒಂದೇ ಒಂದು ಮಾತಾಡಿದಳು.

"ನೂರು ಅಂದ್ರೆ ಮೈಲಿ ಲೆಕ್ಕದಲ್ಲಿ ಎಷ್ಟು?"

"ಅರವತ್ತೆರಡು."

"ಹಾಗಾದ್ರೆ ಸರಿಯಾಗೇ ಹೋಗ್ತಿದೀನಿ."

ಊರಿನೊಳಗೆ ಹೋಗುವ ಮೊದಲು ನದಿಯ ಆಚೆ ದಂಡೆಯ ರಸ್ತೆಯಲ್ಲಿ ಸುತ್ತಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದೆವು. ಅಲ್ಲಿಂದ ಇಡೀ ಊರು ಕಾಣುತ್ತದೆ. ಕೆಳಗೆ ಕಣಿವೆಯಲ್ಲಿ ನದಿ ಹಸಿರಾಗಿ ಹರಿಯುತ್ತಿತ್ತು. ಅದರ ಮೇಲೆ ಬಂಡೆ, ಬಂಡೆಯ ಮೇಲೆ ಒಂದರ ಹೆಗಲ ಮೇಲೊಂದು ಕೂತಂತಿದ್ದ ಕಂದು ಬಣ್ಣದ ಮನೆಗಳು, ನಡುವೆ ದೊಡ್ಡ ಚರ್ಚಿನ ಗೋಪುರ, ಪಕ್ಕದಲ್ಲಿ ನಾಲ್ಕು ಮೂಲೆಗೆ ನಾಲ್ಕು ಗೋಪುರವಿರುವ ಕೋಟೆಮನೆ. ಅಕ್ಕ ಕಟಕಟೆ ಹಿಡಿದು ನಿಂತು ಬಲಗಡೆಯ ಸೇತುವೆಯಿಂದ ಶುರುಮಾಡಿ ನಿಧಾನವಾಗಿ ಎಡಗಡೆಯ ಕೊನೆಯವರೆಗೂ ತಲೆ ತಿರುಗಿಸಿದಳು. ಮತ್ತೆ ಮೊದಲಿನಿಂದ ನೋಡಿದಳು. ಹೀಗೆ ನಾಲ್ಕೈದು ಸಲ. ಫೋಟೋ ತೆಗೆಯೋಣ ಬಾ ಎಂದರೂ ಬರಲಿಲ್ಲ.

"ನೀನು ತಗೋ. ನಾನು ನೋಡ್ಕೋತೀನಿ."

ವಾಪಸ್ಸು ಕಾರಿಗೆ ಬರುವಾಗ ಎಡಗಾಲು ಒಂದು ಮೆಟ್ಟಿಲು ತಪ್ಪಿ ಮುಗ್ಗರಿಸಿದಳು. ಹಿಡಿದುಕೊಂಡೆ. "ಶೂಸು" ಎಂದಳು.

ನಾನು ಮತ್ತೆ ಕೇಳಿದೆ. "ಕಾರನ್ನ ಕೆಳಗಡೆ ಕೋಟೆ ಹೊರಗೆ ನಿಲ್ಲಿಸಿ ಟ್ಯಾಕ್ಸೀಲಿ ಹೋಗೋಣವಾ? ಒಳಗಡೆ ಬೀದಿ ತುಂಬಾ ಸಣ್ಣದು ಅಂತ ಓದಿದೀನಿ."

"ಹೋಟೆಲ್‌ನವರು ಪಾರ್ಕಿಂಗ್ ಇದೆ ಅಂದಿದಾರೆ. ಸೂಟ್‌ಕೇಸ್ ಎಳ್ಕೊಂಡು ಯಾರು ಗುಡ್ಡ ಹತ್ತೋದು? ಕೂತ್ಕೋ."

ಕೂತೆ. ಇವತ್ತಿಗೂ ಆ ಒಂದು ಮಾತಿಗೆ ಸುಮ್ಮನೆ ಕೂತೆನಲ್ಲ ಎನಿಸುತ್ತದೆ.

ಕೋಟೆಯ ಬಾಗಿಲು ದಾಟಿದ ಮೇಲೆ ಮೊದಲು ಸ್ವಲ್ಪ ದೂರ ರಸ್ತೆ ಅಗಲವಾಗಿಯೇ ಇತ್ತು. ಆಮೇಲೆ ಏರು ಶುರುವಾಯಿತು, ಜೊತೆಗೆ ಗುಂಡುಕಲ್ಲಿನ ನೆಲ. ಫೋನಿನಲ್ಲಿ ದಾರಿ ಹೇಳುವ ಹೆಂಗಸು ಬೀದಿಯ ಹೆಸರುಗಳನ್ನು ಅಮೆರಿಕನ್ನರ ಉಚ್ಚಾರಣೆಯಲ್ಲಿ ಹೇಳುತ್ತಿದ್ದಳು. ಗೋಡೆಯ ಮೇಲಿನ ಫಲಕಕ್ಕೂ ಅದಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಎರಡು ಕಡೆಯೂ ಮೂರಂತಸ್ತಿನ ಮನೆಗಳು. ನಡೆದು ಹೋಗುವವರು ನಮ್ಮನ್ನು ಕಂಡು ಗೋಡೆಗೆ ಬೆನ್ನು ಹಚ್ಚಿ, ಕಾಲಿನ ತುದಿ ಒಳಕ್ಕೆಳೆದುಕೊಂಡು ನಿಲ್ಲುತ್ತಿದ್ದರು. ಒಬ್ಬ ಮುದುಕ ಕೈಸನ್ನೆಯಿಂದ ಬೇಡ ಬೇಡ ಎಂದ. ಅವನು ಎಡಗಡೆ ನಿಂತಿದ್ದ. ಅಕ್ಕ ಅವನ ಕಡೆ ನೋಡಲಿಲ್ಲ.

"ಅಕ್ಕ, ಆ ತಾತ ಏನೋ ಹೇಳ್ತಿದಾನೆ. ನಿಲ್ಲಿಸು."

"ಯಾವ ತಾತ?"

ಅಷ್ಟರಲ್ಲಿ ಫೋನು ಬಲಕ್ಕೆ ತಿರುಗಿ ಎಂದಿತು. ಅವಳು ತಿರುಗಿಸಿದಳು.

ಅದು ಓಣಿ. ಬೀದಿ ಎನ್ನುವ ಹಾಗಿರಲಿಲ್ಲ. ಮೇಲೆ ಆಕಾಶ ಒಂದು ಪಟ್ಟಿಯಷ್ಟು ಮಾತ್ರ ಕಾಣುತ್ತಿತ್ತು. ಎರಡೂ ಗೋಡೆಗಳ ಮೇಲೆ ನನ್ನ ಸೊಂಟದ ಎತ್ತರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ ಗೀರುಗಳಿದ್ದವು. ಹಿಂದೆ ಬಂದ ಕಾರುಗಳು ಬಿಟ್ಟುಹೋದ ಬಣ್ಣ ಅದು ಎಂದು ಅರ್ಥವಾಗಲು ನನಗೆ ಒಂದು ನಿಮಿಷ ಬೇಕಾಯಿತು. ನನ್ನ ಕೆಲಸವೇ ಅಂತರ ಅಳೆಯುವುದು. ನನ್ನ ಬಾಗಿಲಿಗೂ ಗೋಡೆಗೂ ನಡುವೆ ಮೊದಲು ಒಂದು ಅಡಿ ಇತ್ತು. ಇಪ್ಪತ್ತು ಹೆಜ್ಜೆ ಏರುವಷ್ಟರಲ್ಲಿ ಒಂದು ಗೇಣಾಯಿತು.

"ನನ್ನ ಕಡೆ ಒಂದು ಗೇಣಿದೆ. ನಿನ್ನ ಕಡೆ?"

"ಬೇಕಾದಷ್ಟಿದೆ."

ಅವಳ ಮಾತು ಮುಗಿಯುವ ಮೊದಲೇ ಅವಳ ಕಡೆಯ ಕನ್ನಡಿ ಠಪ್ಪೆಂದು ಮುರಿದು ಮಡಚಿಕೊಂಡಿತು. ಅದರ ಹಿಂದೆಯೇ ಬಾಗಿಲ ಉದ್ದಕ್ಕೂ ಲೋಹ ಕಲ್ಲಿಗೆ ಉಜ್ಜಿದ ಸದ್ದು. ಹಲ್ಲು ಜುಮ್ಮೆನ್ನಿಸುವಂಥ ಸದ್ದು. ಅಕ್ಕ ಬ್ರೇಕ್ ಒತ್ತಿದಳು. ನಿಂತೆವು. ಮುಂದೆ ಓಣಿ ಇನ್ನೂ ಕಿರಿದಾಗಿ ಎಡಕ್ಕೆ ಬಾಗಿತ್ತು.

"ರಿವರ್ಸ್ ತಗೋ ಅಕ್ಕ."

ಅವಳು ಗೇರ್ ಹಾಕಿದಳು, ಕಾರು ಒಂದಡಿ ಹಿಂದೆ ಸರಿಯಿತು, ಮತ್ತೆ ಅದೇ ಸದ್ದು. ನಿಲ್ಲಿಸಿದಳು. ಹಿಂದೆ ಹಾರ್ನ್ ಕೇಳಿಸಿತು. ಪಾರ್ಸೆಲ್ ಹಂಚುವ ಸಣ್ಣ ವ್ಯಾನೊಂದು ನಮ್ಮ ಹಿಂದೆಯೇ ಓಣಿಗೆ ನುಗ್ಗಿತ್ತು. ಮತ್ತೆ ಹಾರ್ನ್. ಅಕ್ಕ ಎರಡೂ ಕೈಯಿಂದ ಸ್ಟಿಯರಿಂಗನ್ನು ಹಿಡಿದು ಕೂತಿದ್ದಳು. ಒದ್ದಾಡುವ ಮಕ್ಕಳ ಕೈಗೆ ಸೂಜಿ ಹಾಕಿದ ಕೈಗಳು ಅವು. ಈಗ ಅವು ಗೇರಿನ ಕಡೆಗೂ ಹೋಗಲಿಲ್ಲ.

"ಅಕ್ಕ, ಕನ್ನಡಿ ಇಲ್ದಿದ್ರೂ ಪರವಾಗಿಲ್ಲ. ಕಿಟಕಿ ಇಳಿಸಿ ಗೋಡೆ ನೋಡ್ಕೊಂಡು ಹಿಂದೆ ಬಾ. ನಾನು ಈ ಕಡೆ ಹೇಳ್ತೀನಿ."

ಅವಳು ಮುಂದಕ್ಕೇ ನೋಡುತ್ತ ಹೇಳಿದಳು. "ನನಗೆ ಎಡಗಡೆ ಕಾಣಲ್ಲ ಕಣೇ."

"ಕಿಟಕಿ ಇಳಿಸಿದ್ರೆ ಕಾಣುತ್ತೆ."

"ಕಿಟಕಿ ಅಲ್ಲ. ಕಣ್ಣು. ಎಡಗಡೆ ಕಾಣಲ್ಲ. ಬೇಕು ಅಂತ ತಿರುಗಿ ನೋಡಿದ್ರೆ ಮಾತ್ರ ಕಾಣುತ್ತೆ. ಗ್ಲಾಕೋಮಾ."

ಹಿಂದಿನ ಹಾರ್ನ್ ಈಗ ನಿಲ್ಲಿಸದೆ ಬಡಿದುಕೊಳ್ಳುತ್ತಿತ್ತು. ಬೆಳಿಗ್ಗೆಯ ಬಸ್ಸು ಕಣ್ಣ ಮುಂದೆ ಬಂತು. ಅದರ ಮುಖದ ಗಾಜಿನ ಹಿಂದೆ ಕೂತಿದ್ದ ಡ್ರೈವರನ ತೆರೆದ ಬಾಯಿ ಕೂಡ ನೆನಪಾಯಿತು.

"ಪಾರ್ಕ್‌ಗೆ ಹಾಕು. ಹ್ಯಾಂಡ್ ಬ್ರೇಕ್ ಹಾಕು. ಕೈ ತೆಗಿ" ಎಂದೆ. ನಾನು ಅವಳಿಗೆ ಹಾಗೆ ಅಪ್ಪಣೆ ಮಾಡಿದ್ದು ಅದೇ ಮೊದಲು. ಅವಳು ಹೇಳಿದಂತೆ ಮಾಡಿದಳು.

ನನ್ನ ಪುಣ್ಯಕ್ಕೆ, ನನ್ನ ಬಾಗಿಲ ಎದುರಿಗೆ ಗೋಡೆಯಲ್ಲಿ ಒಂದು ಮನೆಯ ಬಾಗಿಲಿತ್ತು. ಅದು ಗೋಡೆಗಿಂತ ಒಂದಡಿ ಒಳಕ್ಕಿತ್ತು. ಕಾರಿನ ಬಾಗಿಲನ್ನು ಆ ಜಾಗದೊಳಕ್ಕೆ ತೆರೆದು, ಉಸಿರು ಬಿಗಿಹಿಡಿದು, ಒಂದೊಂದೇ ಕಾಲು ಹೊರಗಿಟ್ಟು ಜಾರಿಕೊಂಡೆ. ಅಂಗಿಯ ಗುಂಡಿಯೊಂದು ಕಿತ್ತುಹೋಯಿತು. ಅಷ್ಟರಲ್ಲಿ ಆ ಮನೆಯ ಕಿಟಕಿ ತೆರೆಯಿತು. ನನ್ನ ಅಮ್ಮನ ವಯಸ್ಸಿನ ಹೆಂಗಸು, ಕೈಯಲ್ಲಿ ಒದ್ದೆ ಬಟ್ಟೆ. ಕಾರನ್ನು ನೋಡಿ, ನನ್ನನ್ನು ನೋಡಿ, ತಲೆ ಆಡಿಸಿದಳು. ಇಂಥದ್ದನ್ನು ವಾರಕ್ಕೊಂದು ನೋಡುವವಳ ಹಾಗಿದ್ದಳು.

ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವ ಮೆಕ್ಸಿಕೋದ ಹೆಂಗಸರ ಬಾಯಿಂದ ಕಲಿತ ಹತ್ತು ಹದಿನೈದು ಮಾತು ಬರುತ್ತದೆ, ಅಷ್ಟೆ. ಪಾರಾ ಎಂದರೆ ನಿಲ್ಲಿಸು. ದೆಸ್ಪಾಸಿಯೊ ಎಂದರೆ ನಿಧಾನ. ಫೋರ್ಕ್‌ಲಿಫ್ಟ್ ಬಂದಾಗ ಅವರು "ಓಹೋ!" ಎಂದು ಕೂಗುತ್ತಾರೆ. ಮೊದಲ ವಾರ ಅದು ನಮ್ಮ ಕನ್ನಡದ ಓಹೋ ಎಂದುಕೊಂಡಿದ್ದೆ. ಕಣ್ಣು ಎಂದು ಅರ್ಥವಂತೆ, ನೋಡ್ಕೋ ಎನ್ನುವುದಕ್ಕೂ ಅದೇ.

ಗೋಡೆಗೆ ಬೆನ್ನು ಉಜ್ಜಿಕೊಂಡು ಕಾರಿನ ಹಿಂದಕ್ಕೆ ಹೋಗಿ ವ್ಯಾನಿನವನ ಎದುರು ನಿಂತೆ. ಮೂವತ್ತರ ಗಂಡಸು, ಸಿಟ್ಟಿನಿಂದ ಕೆಂಪಗಾಗಿದ್ದ. ಕಾರಿನ ಕಡೆ ಕೈ ತೋರಿಸಿ "ಎರ್ಮಾನಾ" ಎಂದೆ, ಅಂದರೆ ಅಕ್ಕ. ಆಮೇಲೆ ನನ್ನ ಎಡಗಣ್ಣಿನ ಮೇಲೆ ಕೈಯಿಟ್ಟು "ಓಹೋ, ನೋ. ಓಹೋ, ನೋ" ಎಂದೆ. ಅವನು ಮೊದಲು ಹುಷಾರು ಎನ್ನುತ್ತಿದ್ದೇನೆ ಎಂದುಕೊಂಡು ಹೌದು ಹೌದು, ಹುಷಾರಾಗಿ ಹೋಗಿ ಮತ್ತೆ ಎಂಬಂತೆ ಕೈಬೀಸಿದ. ನಾನು ಕಣ್ಣು ಮುಚ್ಚಿದ ಕೈಯನ್ನು ತೆಗೆಯಲಿಲ್ಲ. ಅವನ ಮುಖ ನಿಧಾನವಾಗಿ ಬದಲಾಯಿತು. ಕಾರಿನೊಳಗೆ ಬಗ್ಗಿ ನೋಡಿದ, ಏನೋ ಗೊಣಗಿದ, ಹೋಗಿ ತನ್ನ ವ್ಯಾನನ್ನು ಹಿಂದಕ್ಕೆ ತೆಗೆದುಕೊಂಡ.

ಈಗ ಕಾರನ್ನು ತೆಗೆಯಬೇಕಾದವಳು ನಾನು. ಅಕ್ಕ ಪಕ್ಕದ ಸೀಟಿಗೆ ಸರಿದು, ನಾನು ಬಂದ ದಾರಿಯಲ್ಲೇ ಹೊರಬಂದಳು. ಅಷ್ಟರಲ್ಲಿ ಮನೆಯ ಹೆಂಗಸು ಬಾಗಿಲು ತೆರೆದು ಅವಳ ತೋಳು ಹಿಡಿದು ಒಳಕ್ಕೆಳೆದುಕೊಂಡಿದ್ದಳು. ನಾನು ಒಳಗೆ ನುಸುಳುವಾಗ ಅಕ್ಕ ಹೇಳಿದಳು. "ನಿನ್ನ ಹತ್ರ ಪರ್ಮಿಟ್ ಇಲ್ಲ. ಅಗ್ರಿಮೆಂಟಲ್ಲಿ ನಿನ್ನ ಹೆಸರಿಲ್ಲ."

"ನಿನ್ನ ಹತ್ರ ಎಲ್ಲಾ ಇದೆ. ಏನಾಯ್ತು?"

ಹೇಳಬಾರದಿತ್ತು. ಅವಳು ಏಟು ತಿಂದವಳಂತೆ ನನ್ನನ್ನು ನೋಡಿದಳು. ಆದರೆ ಆಗ ಕ್ಷಮೆ ಕೇಳುವ ಹೊತ್ತಲ್ಲ.

ಎಪ್ಪತ್ತು ಎಂಬತ್ತು ಅಡಿಯಷ್ಟೇ ಹಿಂದಕ್ಕೆ, ಇಳಿಜಾರಿನಲ್ಲಿ ಬರಬೇಕಿತ್ತು. ಅದಕ್ಕೆ ಹಿಡಿದ ಹೊತ್ತು ಎಷ್ಟೆಂದು ಗೊತ್ತಿಲ್ಲ. ಕಿಟಕಿ ಇಳಿಸಿ ತಲೆ ಹೊರಗೆ ಹಾಕಲು ನೋಡಿದರೆ ಗೋಡೆ ಕಿವಿಗೆ ತಾಗುತ್ತಿತ್ತು. ಕಲ್ಲಿನ ತಂಪು, ಸುಣ್ಣದ ವಾಸನೆ. ವ್ಯಾನಿನವನು ಹಿಂದೆ ನಿಂತು ಎರಡೂ ಕೈ ಎತ್ತಿ ದಾರಿ ತೋರಿಸುತ್ತಿದ್ದ. ಮುಂದೆ ಆ ಹೆಂಗಸು ಅಕ್ಕನನ್ನು ಒಳಗೆ ಕೂರಿಸಿ, ಬಂದು ಕಾರಿನ ಮೂತಿಯ ಎದುರು ನಿಂತಿದ್ದಳು. ಸ್ಟಿಯರಿಂಗ್ ತಿರುಗಿಸಿದರೆ ಕಾರಿನ ಮುಂಭಾಗ ಗೋಡೆಗೆ ಹೋಗುತ್ತದೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. "ದೆಸ್ಪಾಸಿಯೊ, ದೆಸ್ಪಾಸಿಯೊ" ಎನ್ನುತ್ತಿದ್ದಳು. ಒಮ್ಮೆಲೆ "ಪಾರಾ!" ಎಂದಳು. ನಿಲ್ಲಿಸಿದೆ. ಬಲಕ್ಕೆ ಒಂದು ಕೂದಲೆಳೆ. ಮತ್ತೆ ಹಿಂದಕ್ಕೆ. ಗುಂಡುಕಲ್ಲಿನ ಮೇಲೆ ಚಕ್ರ ಒಂದೊಂದೇ ಕಲ್ಲನ್ನು ಇಳಿಯುವುದು ಬೆನ್ನಿಗೆ ಗೊತ್ತಾಗುತ್ತಿತ್ತು. ಇನ್ನೊಂದು ಕಡೆ ಬಲಗಡೆಯ ಬಾಗಿಲೂ ಉಜ್ಜಿತು. ನಾನು ನಿಲ್ಲಿಸಲಿಲ್ಲ. ವ್ಯಾನಿನವನು ಕೊನೆಗೆ ಕಾರಿನ ಹಿಂಭಾಗದ ಮೇಲೆ ಎರಡು ಸಲ ತಟ್ಟಿದಾಗ ನನ್ನ ಎಡಗಡೆ ಗೋಡೆ ಇರಲಿಲ್ಲ, ಬೆಳಕಿತ್ತು.

ಕಾರು ನಿಲ್ಲಿಸಿ ಇಳಿದೆ. ಓಣಿಯ ಒಳಗಿಂದ ಅಕ್ಕ ಬರುತ್ತಿದ್ದಳು. ನಿಧಾನವಾಗಿ, ಎಡಗೈಯ ಬೆರಳುಗಳನ್ನು ಎಡಗಡೆಯ ಗೋಡೆಯ ಮೇಲೆ ಸವರುತ್ತ. ಎಷ್ಟು ತಿಂಗಳಿಂದ ಹೀಗೆ ನಡೆಯುತ್ತಿದ್ದಳೋ, ನನ್ನ ಮನೆಗೆ ಬಂದಾಗಲೂ ಹೀಗೇ ನಡೆದಿದ್ದಳೋ, ನಾನು ನೋಡಿರಲಿಲ್ಲ.

ಕಾರನ್ನು ಕೋಟೆಯ ಹೊರಗಿನ ಪಾರ್ಕಿಂಗ್ ಕಟ್ಟಡದಲ್ಲಿ ಬಿಟ್ಟು, ಟ್ಯಾಕ್ಸಿಯಲ್ಲಿ ಹೋಟೆಲಿಗೆ ಹೋಗಿ ಸೂಟ್‌ಕೇಸ್ ಇಳಿಸಿ, ಊಟಕ್ಕೆಂದು ಹೊರಗೆ ಬಂದೆವು. ಚಿಕ್ಕ ಚೌಕವೊಂದರಲ್ಲಿ ಕೊಡೆಯ ಕೆಳಗೆ ಕೂತೆವು. ಆಲೂಗೆಡ್ಡೆ ಆಮ್ಲೆಟ್ಟು ಬಂತು. ಇಬ್ಬರೂ ಮುಟ್ಟಲಿಲ್ಲ.

"ಯಾವಾಗಿಂದ?"

"ಗೊತ್ತಾಗಿ ಎಂಟು ತಿಂಗಳು. ಇದ್ದಿದ್ದು ಯಾವಾಗಿಂದಲೋ. ಎಡಗಣ್ಣು ಜಾಸ್ತಿ ಹೋಗಿದೆ. ಬಲಗಣ್ಣೂ ಸ್ವಲ್ಪ. ಡ್ರಾಪ್ಸ್ ಹಾಕ್ಕೋತಿದೀನಿ."

"ಭಾವನಿಗೆ ಗೊತ್ತಾ?"

"ಕಣ್ಣು ಒಣಗೋ ತೊಂದರೆ ಅಂದ್ಕೊಂಡಿದಾರೆ."

"ಡಾಕ್ಟರ್ ಡ್ರೈವ್ ಮಾಡಬೇಡಿ ಅನ್ಲಿಲ್ವಾ?"

ಅವಳು ಕತ್ತು ತಿರುಗಿಸಿ ಚೌಕದ ಕಡೆ ನೋಡಿದಳು. ಅದೇ ಉತ್ತರವಾಗಿತ್ತು.

ನನಗೆ ಅಲ್ಲಿಯವರೆಗೆ ಭಯವಾಗಿತ್ತು, ಈಗ ಸಿಟ್ಟು ಬಂತು. "ನಿನ್ನ ಕ್ಲಿನಿಕ್ ಎದುರಿಗೇ ಮಕ್ಕಳು ರೋಡ್ ದಾಟ್ತವೆ. ಒಂದು ಮಗು ಎಡಗಡೆಯಿಂದ ಓಡಿ ಬಂದಿದ್ರೆ? ನಿನ್ನ ಪೇಷೆಂಟೇ ಆಗಿದ್ರೆ?"

"ನಾನು ಫ್ರೀವೇ ಬಿಟ್ಟಿದೀನಿ. ಕತ್ತಲಾದ್ಮೇಲೆ ತೆಗಿಯಲ್ಲ. ಮನೆ, ಕ್ಲಿನಿಕ್ಕು, ಗ್ರೋಸರಿ. ಅಷ್ಟೇ."

"ಅಷ್ಟೇ ಅಂದ್ರೆ?"

"ಜೋರಾಗಿ ಮಾತಾಡಬೇಡ, ಎಲ್ರೂ ನೋಡ್ತಿದಾರೆ." ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತಳು. ಆಮೇಲೆ ಅವಳ ದನಿಯೇ ಇಳಿಯಿತು. "ನಮ್ಮೂರು ನಿಂಗೆ ಗೊತ್ತಿಲ್ವಾ? ಹಾಲು ಬೇಕು ಅಂದ್ರೂ ಕಾರು. ಕಾರ್ ಬಿಟ್ರೆ ನಾನು ಮನೇಲಿ ಕೂತಿರ್ಬೇಕು, ಯಾರಾದ್ರೂ ಬಂದು ಕರ್ಕೊಂಡು ಹೋಗ್ತಾರಾ ಅಂತ ಕಿಟಕಿ ಹತ್ರ ನಿಂತ್ಕೊಂಡು. ಇಪ್ಪತ್ತೆಂಟು ವರ್ಷ ಎಲ್ಲರನ್ನೂ ನಾನೇ ಕರ್ಕೊಂಡು ಹೋಗಿದೀನಿ ಕಣೇ. ನಿನ್ನನ್ನೂ."

ನಿಜ. ಆದರೆ ಬಸ್ಸು ಇನ್ನೂ ನನ್ನ ಕಣ್ಣ ಮುಂದೆಯೇ ಇತ್ತು.

"ಇವತ್ತೇ ಭಾವನಿಗೆ ಹೇಳು" ಎಂದೆ.

"ಊರಿಗೆ ಹೋದ್ಮೇಲೆ."

"ಇವತ್ತೇ. ನೀನು ಹೇಳ್ತೀಯೋ ನಾನು ಹೇಳ್ಲೋ."

ಅವಳು ಎದ್ದು ನಿಂತಳು. "ನಾನು ಈ ಊರು ನೋಡೋಕೆ ಬಂದಿದೀನಿ. ಕಾಣೋವಾಗಲೇ ನೋಡಬೇಕು ಅಂತ ಬಂದಿದೀನಿ. ಮೊದಲು ನೋಡೋಣ."

ಮಧ್ಯಾಹ್ನ ಪೂರ್ತಿ ನಡೆದೆವು. ಕತ್ತಿ ಮಾಡುವವರ ಅಂಗಡಿಗಳು, ಸನ್ಯಾಸಿನಿಯರು ಬಾದಾಮಿಯ ಸಿಹಿ ಮಾರುವ ಮಠದ ಕಿಟಕಿ, ಒಂದು ಕಾಲಕ್ಕೆ ಯಹೂದಿಗಳು ಪ್ರಾರ್ಥಿಸುತ್ತಿದ್ದ ಬಿಳಿ ಕಮಾನುಗಳ ಮಂದಿರ. ಮೊದಲ ಬೀದಿಯಲ್ಲೇ ಅವಳು ಹೇಳಿದಳು, "ನೀನು ಎಡಗಡೆ ಇರು." ನಾನು ಎಡಕ್ಕೆ ಬಂದೆ. ಅವಳು ನನ್ನ ಮೊಣಕೈ ಹಿಡಿಯಲಿಲ್ಲ. ಆದರೆ ಯಾರಾದರೂ ಎದುರು ಬಂದಾಗ ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ದೊಡ್ಡ ಚರ್ಚಿನ ಒಳಗೆ ಕತ್ತಲೆಯಿತ್ತು. ಬಿಸಿಲಿನಿಂದ ಒಳಗೆ ಕಾಲಿಟ್ಟವಳು ಕಂಬವೊಂದಕ್ಕೆ ಕೈಯಿಟ್ಟು ನಿಂತುಬಿಟ್ಟಳು. "ಸ್ವಲ್ಪ ಇರು. ಬರುತ್ತೆ" ಎಂದಳು. ಎರಡು ನಿಮಿಷ ನಿಂತೆವು. ಪ್ರವಾಸಿಗಳು ನಮ್ಮ ಸುತ್ತ ಹರಿದುಹೋದರು. ಗರ್ಭಗುಡಿಯ ಹಿಂದೆ ಚಾವಣಿಯಲ್ಲಿ ಒಂದು ಕಿಂಡಿ ಕೊರೆದಿದ್ದಾರೆ, ಅಲ್ಲಿಂದ ಬೆಳಕು ಇಳಿದು ಕಲ್ಲಿನ ದೇವತೆಗಳ ಮೇಲೆ ಬೀಳುತ್ತದೆ. ಅದರ ಕೆಳಗೆ ನಿಂತು ಅಕ್ಕ ತುಂಬ ಹೊತ್ತು ಕತ್ತೆತ್ತಿ ನೋಡಿದಳು. ಅವಳಿಗೆ ಏನೇನು ಕಾಣುತ್ತಿದೆ, ಏನೇನಿಲ್ಲ ಎಂದು ಲೆಕ್ಕ ಹಾಕುತ್ತ ನಾನು ಅವಳನ್ನೇ ನೋಡುತ್ತಿದ್ದೆ. ಆ ಚರ್ಚಿನಲ್ಲಿ ಇನ್ನೇನಿತ್ತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಸಂಜೆ ಐದೂವರೆಗೆ, ನದಿ ಕಾಣುವ ಒಂದು ಬೆಂಚಿನ ಮೇಲೆ ಕೂತು ಅವಳೇ ಫೋನ್ ತೆಗೆದಳು. ಮಿಷಿಗನ್‌ನಲ್ಲಿ ಆಗ ಬೆಳಿಗ್ಗೆ ಹನ್ನೊಂದೂವರೆ. ನಾನು ಎದ್ದು ಹೋಗಲು ಹೊರಟೆ. "ಇರು" ಎಂದು ಸ್ಪೀಕರ್ ಹಾಕಿದಳು.

ಭಾವ ಆಫೀಸಿನಲ್ಲಿದ್ದರು. "ಏನು, ನಿಜವಾದ ಟೊಲೇಡೊ ಹೇಗಿದೆ?" ಎಂದರು ನಗುತ್ತ.

"ಚೆನ್ನಾಗಿದೆ ರೀ. ಕಾರ್ ಸ್ವಲ್ಪ ಗೋಡೆಗೆ ತಾಗ್ತು. ಅಂಥದ್ದೇನಿಲ್ಲ. ನನ್ನ ಎಡಗಣ್ಣಲ್ಲಿ ಸ್ವಲ್ಪ ತೊಂದರೆ ಇದೆ, ಬಂದ್ಮೇಲೆ ತೋರಿಸ್ಬೇಕು."

ನಾನು ಅವಳ ಮುಖ ನೋಡಿದೆ. ಅವಳು ನದಿ ನೋಡುತ್ತಿದ್ದಳು. ಭಾವ "ಓಕೆ, ಡ್ರಾಪ್ಸ್ ಹಾಕ್ಕೊಂಡು ರೆಸ್ಟ್ ತಗೋ" ಎಂದು ಬೇರೆ ಮಾತಿಗೆ ಹೋಗುತ್ತಿದ್ದರು. ನಾನು ಅವಳ ಕೈಯಿಂದ ಫೋನನ್ನು ಕಿತ್ತುಕೊಂಡೆ. ಕಿತ್ತುಕೊಂಡೆ ಎಂದೇ ಹೇಳಬೇಕು, ಅವಳು ಬಿಡಲಿಲ್ಲ, ನಾನು ಎಳೆದೆ.

"ಭಾವ, ಅಕ್ಕಂಗೆ ಗ್ಲಾಕೋಮಾ. ಎಂಟು ತಿಂಗಳಿಂದ ಗೊತ್ತು. ಎಡಗಡೆ ಕಾಣಲ್ಲ. ಡ್ರೈವ್ ಮಾಡಬಾರ್ದು ಅಂದಿದಾರೆ. ಇವತ್ತು ಬೆಳಿಗ್ಗೆ ಬಸ್ಸು ಗುದ್ದೋದ್ರಲ್ಲಿತ್ತು."

ಆ ಕಡೆ ಯಾರೋ ಕೀಬೋರ್ಡ್ ಕುಟ್ಟುವ ಸದ್ದು ಕೇಳಿಸಿತು. ಆಮೇಲೆ ಭಾವ, "ಅವಳು ಪಕ್ಕದಲ್ಲಿದಾಳಾ?" ಎಂದರು.

"ಇದಾಳೆ."

"ಅವಳಿಗೇನೂ ಅನ್ನಬೇಡ. ಕಾರ್ ಮುಟ್ಟಬೇಡಿ. ನಾನು ಬಂದು ನಿಮ್ಮನ್ನ ಒ'ಹೇರ್‌ನಲ್ಲಿ ಕರ್ಕೋತೀನಿ."

ಅಕ್ಕ ಎದ್ದು ಹೋಟೆಲಿನ ಕಡೆ ನಡೆದಳು. ನಾನು ಅವಳ ಎಡಕ್ಕೆ ಹೋಗಿ ಸೇರಿಕೊಂಡೆ. ಬೇಡ ಎನ್ನಲಿಲ್ಲ, ಮಾತೂ ಆಡಲಿಲ್ಲ. ಮಾರನೆಯ ದಿನವೂ ಬೇಕಾದಷ್ಟೇ ಮಾತು: ಮೆಟ್ಟಿಲು ಇದೆಯಾ, ನೀರು ಕೊಡು. ಬಾಡಿಗೆಯವರು ಬಂದು ಕಾರು ಒಯ್ದರು. ಉಳಿದ ಐದು ದಿನ ನಡೆದು, ರೈಲಿನಲ್ಲಿ ಮ್ಯಾಡ್ರಿಡ್‌ಗೆ ವಾಪಸ್ಸಾದೆವು.

ಹೇಳಿದಂತೆ ಭಾವ ಒ'ಹೇರ್‌ಗೆ ಬಂದಿದ್ದರು. ಜೂನ್‌ನಲ್ಲಿ ಅಕ್ಕನ ಎಡಗಣ್ಣಿಗೆ ಆಪರೇಷನ್ ಆಯಿತು. ಹೋದ ನೋಟ ಬರುವುದಿಲ್ಲ, ಇರುವುದು ಉಳಿಯಬಹುದು ಎಂದರು. ಉಳಿದಿದೆ. ಅವಳು ಕಾರು ಓಡಿಸುವುದನ್ನು ನಿಲ್ಲಿಸಿದಳು. ಕ್ಲಿನಿಕ್‌ಗೆ ವಾರಕ್ಕೆ ಮೂರು ದಿನ ಹೋಗುತ್ತಾಳೆ, ಭಾವ ಬಿಟ್ಟು ಬರುತ್ತಾರೆ. ನನ್ನ ಫೋನು ಮಾತ್ರ ಎತ್ತಲಿಲ್ಲ. ನಾನು ಭಾವನಿಂದ ವಿಷಯ ತಿಳಿದುಕೊಳ್ಳುತ್ತಿದ್ದೆ. ಫೋನ್ ಕಿತ್ತುಕೊಂಡದ್ದು ಸರಿಯೋ ತಪ್ಪೋ ಎಂದು ಗಂಡನನ್ನು ಎಷ್ಟು ಸಲ ಕೇಳಿದೆನೋ. ಅವನೂ ಪ್ರತಿಸಲ ಸರಿ ಎಂದ. ಅದರಿಂದೇನೂ ಹಗುರವಾಗಲಿಲ್ಲ.

ಸೆಪ್ಟೆಂಬರ್‌ನ ಒಂದು ಬುಧವಾರ, ಊಟದ ಬಿಡುವಿನಲ್ಲಿ, ಅವಳ ಹೆಸರು ಫೋನಿನ ಮೇಲೆ ಬಂತು.

"ಶುಕ್ರವಾರ ರಜ ಸಿಗುತ್ತಾ?" ಎಂದಳು, ನಿನ್ನೆ ತಾನೇ ಮಾತಾಡಿದವಳಂತೆ.

"ಯಾಕೆ?"

"ಬಾ. ನಿಮ್ಮ ಭಾವನ ಡ್ರೈವಿಂಗ್ ನೋಡಿ ನೋಡಿ ಸಾಕಾಗಿದೆ. ಪ್ರತಿ ಸಿಗ್ನಲ್‌ನಲ್ಲೂ ಉಪದೇಶ."

ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಟು ಮಧ್ಯಾಹ್ನದ ಹೊತ್ತಿಗೆ ತಲುಪಿದೆ. ಅವಳು ಆಗಲೇ ಜಾಕೆಟ್ ಹಾಕಿಕೊಂಡು ಡ್ರೈವ್‌ವೇಯಲ್ಲಿ ನಿಂತಿದ್ದಳು. ಒಳಗೆ ಬಾ ಎನ್ನಲೂ ಇಲ್ಲ. ಬಾಗಿಲು ತೆಗೆದು ನನ್ನ ಪಕ್ಕ ಕೂತಳು.

"ಎಲ್ಲಿಗೆ?" ಎಂದೆ.

"ಎಲ್ಲಿಗಾದ್ರೂ. ಟ್ವೆಲ್ವ್ ಮೈಲ್ ರೋಡಲ್ಲಿ ಹೋಗು, ಮೇಪಲ್ ಎಲೆ ಬಣ್ಣ ತಿರುಗೋಕೆ ಶುರುವಾಗಿದೆ ಅಂತ ನಿಮ್ಮ ಭಾವ ಹೇಳ್ತಿದ್ರು. ನೀನೇನು ಊಟ ಮಾಡಿದೀಯೋ ಇಲ್ವೋ?"

"ಇಲ್ಲ."

"ಚಪಾತಿ ಸುತ್ಕೊಂಡು ಬಂದಿದೀನಿ" ಎಂದು ಮಡಿಲಿನ ಡಬ್ಬಿ ತೋರಿಸಿದಳು. ನಾನು ಅವರ ಬಡಾವಣೆಯಿಂದ ಕಾರು ಹೊರಗೆ ತೆಗೆದೆ.